ಮಕ್ಕಳ ಬೆನ್ನೆಲುಬಿನ ಕ್ಷಯ



ಮಗುವು ಬೆನ್ನುನೋವೆಂದರೆ, ಆಟದಲ್ಲಿ ಬಿದ್ದಿರಬೇಕೆಂದು ಎಣ್ಣೆ ತಿಕ್ಕಿ ಸುಮ್ಮನಾಗುವುದುಂಟು. ನೋವು ವಾರಗಟ್ಟಲೆ ನಿಂತರೆ ಹಾಗೆ ಸುಮ್ಮನಿರತಕ್ಕುದಲ್ಲ. ನೆಲದ ಮೇಲೊಂದು ನಾಣ್ಯವನ್ನಿಟ್ಟು ಎತ್ತಿಕೊಳ್ಳಹೇಳಿರಿ. ಆರೋಗ್ಯವಂತ ಮಗು ಸಲೀಸಾಗಿ ಬಾಗುವುದು; ಬೆನ್ನೆಲುಬಿಗೆ ಸೋಂಕು ತಗಲಿದ ಮಗುವಾದರೋ ಬೆನ್ನನ್ನು ಸೆಟೆದುಕೊಂಡೇ ಕುಕ್ಕರಿಸುವುದು. ನಿದ್ರೆಯಲ್ಲಿ ಚೀರುವುದು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು ಇವೂ ಸೂಚನೆಗಳೇ. ಆದರೆ ಜ್ವರವಿಲ್ಲದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಗೂನುಬೆನ್ನಿಗೂ ಕಾಲುಗಳು ಸೋಲುವುದಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಶಸ್ತ್ರವೈದ್ಯರಾದ ಪರ್ಸಿವಲ್ ಪಾಟ್ ಎಂಬವರು 1779ರಲ್ಲಿ ವಿವರಿಸಿದರು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಎಂಬವರು ಕಂಡು ಪ್ರಕಟಿಸಿದ್ದು 1882ರಲ್ಲಿ. ಈ ಅಣುವು ಸಾಮಾನ್ಯವಾಗಿ ಶ್ವಾಸಕೋಶದಿಂದ ರಕ್ತದ ಮೂಲಕ ಬೆನ್ನೆಲುಬನ್ನು ಸೇರಿ ಅದನ್ನು ಸವೆಸುತ್ತದೆ. ಕುಸಿದ ಮೂಳೆಯೂ ಕೀವೂ ಬೆನ್ನುಹುರಿಯನ್ನು ಒತ್ತಿದಾಗ ಕಾಲುಗಳು ಸೋಲುತ್ತವೆ.

ಆರಂಭದಲ್ಲಿ ಕ್ಷಕಿರಣಚಿತ್ರದಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಚಿತ್ರವು ಮೊದಲೇ ತೋರುವುದು. ಸೂಜಿಯಿಂದ ತೆಗೆದ ಕೀವನ್ನು ಪರೀಕ್ಷಿಸಿ, ರೋಗಾಣು ಕ್ಷಯದ್ದೋ ಬೇರೆಯದೋ, ಯಾವ ಔಷಧಕ್ಕೆ ಮಣಿಯುವುದೋ ತಿಳಿಯುವರು. ಕ್ಷಯವಾದರೆ ಹಲವು ಔಷಧಗಳನ್ನು ಕೂಡಿಸಿ ಸಾಮಾನ್ಯವಾಗಿ 9ರಿಂದ 12 ತಿಂಗಳು ಕೊಡುವರು. ನೋವು ಹೋಯಿತೆಂದು ನಡುವೆ ನಿಲ್ಲಿಸಬಾರದು. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಕಾಲು ಸೋಲುತ್ತಿದ್ದರೆ, ಗೂನು ಹೆಚ್ಚುತ್ತಿದ್ದರೆ ಅದು ಅಗತ್ಯವಾದೀತು. ರೋಗ ಗುಣವಾದ ಮೇಲೂ ಬೆಳೆಯುವ ಮಗುವಿನ ಗೂನು ಬೆಳೆಯಬಹುದಾದ್ದರಿಂದ, ಬೆಳವಣಿಗೆ ಮುಗಿಯುವ ತನಕ ವೈದ್ಯರಿಗೆ ತೋರಿಸುತ್ತಿರಬೇಕು.

ಔಷಧವು ಅಣುವನ್ನು ಕೊಲ್ಲಬಲ್ಲದು. ಕುಸಿದ ಮೂಳೆಯನ್ನು ಮೊದಲಿನಂತೆ ನಿಲ್ಲಿಸಲಾರದು. ಆದುದರಿಂದ ಗೂನು ಕಾಣುವ ಮುನ್ನವೇ ಮಗುವಿನ ಮಾತಿಗೆ ಕಿವಿಗೊಡಿರಿ.