ಬಾಡಿಗೆ 72 ಸಾವಿರ, ಆದಾಯ ಮಿತಿ 32 ಸಾವಿರ: ವಿಕಲಚೇತನರ ಮಾಸಾಶನದ ಲೆಕ್ಕ ತಪ್ಪಿದ್ದೆಲ್ಲಿ?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಕರ್ನಾಟಕದಲ್ಲಿ ವಿಕಲಚೇತನರ ಮಾಸಾಶನ ಬೇಕೆಂದರೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ತಿಂಗಳಿಗೆ ಹಂಚಿದರೆ ಸುಮಾರು 2,667 ರೂಪಾಯಿ. ಈಗ ಶಿವಾಜಿನಗರದ ಯಾವುದಾದರೂ ಗಲ್ಲಿಯಲ್ಲೋ, ಹಲಸೂರು ಕೆರೆ ಹತ್ತಿರದ ವಠಾರದಲ್ಲೋ, ಕೆ.ಆರ್. ಪುರ ರೈಲು ನಿಲ್ದಾಣದ ಹಿಂಬದಿಯಲ್ಲೋ ಒಂದು ಕೋಣೆ, ಒಂದು ಅಡುಗೆಮನೆಗೆ ಬಾಡಿಗೆ ಎಷ್ಟು ಅಂತ ಕೇಳಿ ನೋಡಿ. 6,000ಕ್ಕೆ ಸಿಕ್ಕರೆ ಪುಣ್ಯ. ವರ್ಷಕ್ಕೆ 72,000.

ಅಂದರೆ ಬಾಡಿಗೆಯೊಂದೇ ಆದಾಯ ಮಿತಿಯ ಎರಡು ಪಟ್ಟು ದಾಟಿತು. ಊಟ, ಔಷಧಿ, ಆಟೊ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕುವ ಕುಟುಂಬ ನಿಜ ಹೇಳಿದರೆ, ಆ ಮನೆಯಲ್ಲಿರುವ ವಿಕಲಚೇತನರು ಮಾಸಾಶನಕ್ಕೆ ಅರ್ಹರೇ ಅಲ್ಲ. ಇದು ಯಾವುದೋ ಗುಮಾಸ್ತರ ತಪ್ಪಲ್ಲ, ನಿಯಮದ ಒಳಗೇ ಕೂತಿರುವ ತಪ್ಪು.

ಸಿಗೋದು ಎಷ್ಟು?

ಶೇ 40ರಿಂದ 74ರವರೆಗೆ ವೈಕಲ್ಯ ಇದ್ದವರಿಗೆ ತಿಂಗಳಿಗೆ 800 ರೂಪಾಯಿ. ಶೇ 75 ಮತ್ತು ಮೇಲ್ಪಟ್ಟವರಿಗೆ 1,400. ಇದರಲ್ಲಿ 800 ಅನ್ನೋದು 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನ 600ರಿಂದ ಏರಿಸಿದ್ದು. ಕೇಂದ್ರದ ಇಂದಿರಾ ಗಾಂಧಿ ಯೋಜನೆಯ ಪಾಲು ಶೇ 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಬಿಪಿಎಲ್‌ನವರಿಗೆ ಮಾತ್ರ, ಅದೂ ತಿಂಗಳಿಗೆ 300 ರೂಪಾಯಿ.

ಪಕ್ಕದ ಮನೆ ಕಡೆಗೂ ಒಮ್ಮೆ ನೋಡೋಣ. ಕೆ.ಆರ್. ಪುರದಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿದರೆ ಕುಪ್ಪಂ, ಅಲ್ಲಿಂದ ಆಂಧ್ರ. ಅಲ್ಲಿ 2024ರ ಜುಲೈಯಿಂದ ವಿಕಲಚೇತನರ ಪಿಂಚಣಿ 6,000 ರೂಪಾಯಿ. ತೆಲಂಗಾಣದಲ್ಲಿ 2023ರಲ್ಲೇ 4,016ಕ್ಕೆ ಏರಿಸಿದ್ದರು. ಆಂಧ್ರದ ಹಣದಲ್ಲಿ ಒಂದು ಕೋಣೆಯ ಬಾಡಿಗೆ ಕಟ್ಟಬಹುದು. ನಮ್ಮದರಲ್ಲಿ ಗ್ಯಾಸ್ ಸಿಲಿಂಡರ್ ತರಬಹುದು.

ಒಂದು ಮನೆ, ಮೂರು ಅಳತೆಗೋಲು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಯಿ ಇಂದಿರಾನಗರದ ಮನೆಗಳಲ್ಲಿ ಕೆಲಸ ಮಾಡುತ್ತಾರೆ, ತಿಂಗಳಿಗೆ 9,000 ಸಿಗುತ್ತೆ. 22 ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಪ್ರಮಾಣಪತ್ರದಲ್ಲಿ ಶೇ 80 ವೈಕಲ್ಯ. ಬೇರೆ ದುಡಿಮೆ ಇಲ್ಲ. ವರ್ಷದ ಆದಾಯ 1,08,000.

ಇವರಿಗೆ ಬಿಪಿಎಲ್ ರೇಷನ್ ಕಾರ್ಡ್ ಸಿಗುತ್ತಾ? ಮಿತಿ 1.2 ಲಕ್ಷ, ಸಿಗಬೇಕು. ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಮನೆಗೆ ಅರ್ಜಿ ಹಾಕಬಹುದಾ? ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಮಿತಿ 3 ಲಕ್ಷ, ಹಾಕಬಹುದು. ವಿಕಲಚೇತನರಿಗೆ ಅಲ್ಲಿ ಆದ್ಯತೆಯೂ ಇದೆ. ಮಗನಿಗೆ 1,400 ರೂಪಾಯಿ ಮಾಸಾಶನ? ಇಲ್ಲ, ಮಿತಿ 32,000.

ಒಂದೇ ಸರ್ಕಾರಿ ವ್ಯವಸ್ಥೆಗೆ ಈ ತಾಯಿ ರೇಷನ್ ಅಂಗಡಿಯಲ್ಲಿ ಬಡವಿ, ವಸತಿ ಯೋಜನೆಯಲ್ಲಿ ಬಡವಿ, ಮಾಸಾಶನದ ಕೌಂಟರ್‌ನಲ್ಲಿ ಮಾತ್ರ ಸ್ಥಿತಿವಂತೆ!

ಹಾಗಾದರೆ ಮಾಸಾಶನ ಪಡೆಯೋರು ಏನು ಮಾಡ್ತಾರೆ? ಎಲ್ಲರಿಗೂ ಗೊತ್ತಿರುವ ಗುಟ್ಟು: ಆದಾಯ ಪ್ರಮಾಣಪತ್ರದಲ್ಲಿ 30,000 ಅಂತ ಬರೆಸಿಕೊಳ್ಳುತ್ತಾರೆ. ನಾಡಕಚೇರಿಯಿಂದ ಸಿಗುವ ಈ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಅಲ್ಲಿಂದ ಸಮಸ್ಯೆ ಶುರು. ವಸತಿ ಯೋಜನೆಯ ಮನೆ ಮಂಜೂರಾದರೂ ಫಲಾನುಭವಿಯ ಪಾಲು ಕಟ್ಟಬೇಕು, ಅದಕ್ಕೆ ಬ್ಯಾಂಕ್ ಸಾಲ ಬೇಕು. ವರ್ಷಕ್ಕೆ 30,000 ದುಡಿಯುವವರಿಗೆ ಯಾವ ಬ್ಯಾಂಕ್ ಗೃಹಸಾಲ ಕೊಡುತ್ತೆ? ಮಾಸಾಶನ ತಂದುಕೊಟ್ಟ ಕಾಗದವೇ ಮನೆಯ ಬಾಗಿಲು ಮುಚ್ಚುತ್ತದೆ. ನಿಜವಾದ ಆದಾಯ ತೋರಿಸಿದರೆ ಸಾಲದ ಆಸೆ ಉಳಿಯುತ್ತದೆ, ಮಾಸಾಶನ ಹೋಗುತ್ತದೆ.

ಮೊದಲೆಲ್ಲ ಈ ಎರಡು ಕಾಗದಗಳು ಎರಡು ಕಪಾಟುಗಳಲ್ಲಿ ಇರುತ್ತಿದ್ದವು. ಈಗ 'ಕುಟುಂಬ' ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಆಧಾರ್, ರೇಷನ್ ಕಾರ್ಡ್, ಮಾಸಾಶನ ಎಲ್ಲವೂ ಒಂದೇ ಮನೆಯ ಹೆಸರಿಗೆ ಬೆಸೆದುಕೊಂಡಿವೆ. ಅನರ್ಹರನ್ನು ಪತ್ತೆ ಹಚ್ಚಲು ಅದು ಒಳ್ಳೆಯದೇ. ಆದರೆ ಮಿತಿಯೇ ಅಸಾಧ್ಯವಾಗಿದ್ದಾಗ, ಆ ಬಲೆಗೆ ಮೊದಲು ಬೀಳೋದು ಬಾಡಿಗೆ ಮನೆಯ ಬಡವರೇ.

ಇನ್ನೊಂದು ಅಪಾಯವೂ ಇದೆ. ಆ ತಾಯಿಯ ಸಂಬಳ 1,500 ಏರಿ 10,500 ಆಯಿತು ಅಂದುಕೊಳ್ಳಿ. ವರ್ಷಕ್ಕೆ 1,26,000. ರೇಷನ್ ಕಾರ್ಡ್‌ನ ಅರ್ಹತೆಯೂ ಹೋಯಿತು. ಇಲ್ಲಿ ಸಹಾಯ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗೋದಿಲ್ಲ, ಒಂದು ಗೆರೆ ದಾಟಿದ ಕೂಡಲೇ ಸೊನ್ನೆ.

ಬಾಡಿಗೆಗೆ, ಕಂದಾಯಕ್ಕೆ ಏನಿದೆ?

ಬಾಡಿಗೆಗೆ ನೇರ ಸಹಾಯಧನ ನಮ್ಮಲ್ಲಿಲ್ಲ. ಇರುವ ಯೋಜನೆಗಳು ಹೆಚ್ಚಾಗಿ ಸ್ವಂತ ಮನೆಯ ಸುತ್ತ ಇವೆ. ಪಾಲಿಕೆಯ 'ಒಂಟಿ ಮನೆ' ಯೋಜನೆಯಲ್ಲಿ ಸಹಾಯಧನ ಬೇಕೆಂದರೆ ಸ್ವಂತ ನಿವೇಶನ ಇರಬೇಕು. ನಿವೇಶನ ಇದ್ದಿದ್ದರೆ ಬಾಡಿಗೆ ಮನೆಯಲ್ಲಿ ಯಾಕಿರ್ತಿದ್ದರು?

1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಒಂದು ವಿಚಿತ್ರ ಇದೆ. ಮನೆಯ ಮಾಲೀಕರು ವಿಧವೆಯೋ, ಅಂಗವಿಕಲರೋ, ವೃದ್ಧರೋ ಆಗಿದ್ದರೆ ತಮ್ಮ ವಾಸಕ್ಕೆ ಮನೆಯನ್ನು ಬೇಗ ಬಿಡಿಸಿಕೊಳ್ಳಲು ಅದು ವಿಶೇಷ ಅವಕಾಶ ಕೊಡುತ್ತದೆ. ಸರಿಯೇ. ಆದರೆ ಅದೇ ಕಾಯ್ದೆ ಪಾಲಿಕೆ ವ್ಯಾಪ್ತಿಯಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. 6,000 ಕೊಡುವ ನಮ್ಮ ಉದಾಹರಣೆಯ ತಾಯಿ ಅದರ ನೆರಳಿನಿಂದ ಹೊರಗೆ.

ಬಾಡಿಗೆದಾರರಿಗೂ ತಲುಪುವ ಒಂದು ಸಹಾಯ ಗೃಹಜ್ಯೋತಿ. ಮನೆಯ ಆರ್‌.ಆರ್. ನಂಬರ್‌ಗೆ ಆಧಾರ್ ಜೋಡಿಸಿ, ಅಲ್ಲಿ ವಾಸ ಇರುವುದಕ್ಕೆ ದಾಖಲೆ ತೋರಿಸಿದರೆ ಸಾಕು. ಆದರೆ ಉಚಿತದ ಪ್ರಮಾಣ ನಿಂತಿರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ. ಬ್ಯಾಟರಿ ಗಾಲಿಕುರ್ಚಿ, ಗಾಳಿ ಹಾಸಿಗೆ, ಆಮ್ಲಜನಕದ ಯಂತ್ರ ಹೊಸದಾಗಿ ಬಂದ ಮನೆಯಲ್ಲಿ ಹಳೆಯ ಸರಾಸರಿ ಯಾವ ಲೆಕ್ಕಕ್ಕೆ?

ಕಂದಾಯದ್ದೂ ಇದೇ ಕಥೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಶಿವಾಜಿನಗರ ಕೇಂದ್ರ ಪಾಲಿಕೆಯಲ್ಲಿದೆ, ಕೆ.ಆರ್. ಪುರ ಪೂರ್ವದಲ್ಲಿ. ಬೆಂಗಳೂರಿನವರಿಗೆಲ್ಲ ಗೊತ್ತಿರುವ ಆಸ್ತಿ ತೆರಿಗೆ ರಿಯಾಯಿತಿ ಅಂದರೆ ವರ್ಷದ ಆರಂಭದಲ್ಲೇ ಪೂರ್ತಿ ಕಟ್ಟಿದರೆ ಸಿಗುವ ಶೇ 5. ಅದು ವೈಕಲ್ಯ ನೋಡೋದಿಲ್ಲ, ಕೈಯಲ್ಲಿ ಹಣ ಇದೆಯಾ ಅಂತ ನೋಡುತ್ತದೆ. ದೆಹಲಿ ಪಾಲಿಕೆಯಲ್ಲಿ ಅಂಗವಿಕಲ ಮಾಲೀಕರು ತಾವೇ ವಾಸಿಸುವ ಒಂದು ಮನೆಗೆ, 200 ಚದರ ಮೀಟರ್‌ವರೆಗೆ, ಶೇ 30 ರಿಯಾಯಿತಿ ಇದೆ. ಇನ್ನು ಬಾಡಿಗೆಗೆ ಕೊಟ್ಟ ಮನೆಗೆ ನಮ್ಮಲ್ಲಿ ತೆರಿಗೆ ದರ ಸ್ವಂತ ವಾಸದ ಮನೆಯ ಸುಮಾರು ದುಪ್ಪಟ್ಟು. ಆ ಹೊರೆ ಕೊನೆಗೆ ಯಾರ ಬಾಡಿಗೆಯಲ್ಲಿ ಸೇರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ವೈಕಲ್ಯಕ್ಕೂ ಖರ್ಚಿದೆ

ಗಾಲಿಕುರ್ಚಿ ಬಳಸುವವರು ಮೂರನೇ ಮಹಡಿಯ ಶೀಟಿನ ಕೋಣೆಗೆ ಹೋಗಲಾರರು. ನೆಲಮಹಡಿ ಬೇಕು, ಒಳಗೇ ಶೌಚಾಲಯ ಬೇಕು, ಆಟೊ ಬರುವಷ್ಟು ರಸ್ತೆ ಬೇಕು. ಇಂಥ ಮನೆಗೆ ಬಾಡಿಗೆಯೂ ಹೆಚ್ಚು, ಅಡ್ವಾನ್ಸೂ ಹೆಚ್ಚು. ಬೌರಿಂಗ್ ಆಸ್ಪತ್ರೆಗೆ ಹೋಗಿಬರುವ ಖರ್ಚು ಬೇರೆ. ಅಂದರೆ ಅದೇ ಆದಾಯದಲ್ಲಿ ಈ ಕುಟುಂಬ ಇತರರಿಗಿಂತ ಹೆಚ್ಚು ಬಡವ.

ಇದನ್ನು ಒಪ್ಪುವ ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 80ಯು ಕಲಮಿನ ಪ್ರಕಾರ ವಿಕಲಚೇತನರಿಗೆ 75,000 ರೂಪಾಯಿ ವಿನಾಯಿತಿ, ವೈಕಲ್ಯ ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಸಂಬಳದಾರನ ಆದಾಯದಿಂದ ವೈಕಲ್ಯಕ್ಕೆಂದು ಇಷ್ಟನ್ನು ಕಳೆಯಲು ಕೇಂದ್ರ ಒಪ್ಪುತ್ತದೆ. ಮಾಸಾಶನ ಕೇಳುವ ಬಡವರ ಇಡೀ ಕುಟುಂಬ ಮಾತ್ರ 32,000ದಲ್ಲಿ ಬದುಕಬೇಕು ಅಂತ ರಾಜ್ಯ ಹೇಳುತ್ತದೆ.

ಬ್ರಿಟನ್‌ನಲ್ಲಿ ವೈಕಲ್ಯದ ಹೆಚ್ಚುವರಿ ಖರ್ಚಿಗೆ ಕೊಡುವ ಭತ್ಯೆಯನ್ನು ಬಾಡಿಗೆ ಸಹಾಯದ ಲೆಕ್ಕ ಹಾಕುವಾಗ ಆದಾಯ ಎಂದು ಪರಿಗಣಿಸುವುದಿಲ್ಲ. ಗಾಲಿಕುರ್ಚಿಗೆ ಮನೆಯೊಳಗೆ ಹೆಚ್ಚು ಜಾಗ ಬೇಕಾದರೆ ಸ್ಥಳೀಯ ತೆರಿಗೆ ಒಂದು ಶ್ರೇಣಿ ಕೆಳಗಿಳಿಯುತ್ತದೆ. ಅಲ್ಲಿಯೂ ಜಗಳ, ಕಡಿತ ಎಲ್ಲ ಇದೆ. ಆದರೆ ತತ್ವ ಸ್ಪಷ್ಟ: ವೈಕಲ್ಯದ ಹಣ ಖರ್ಚು ತುಂಬಿಸಲು, ಶ್ರೀಮಂತಿಕೆ ಅಳೆಯಲು ಅಲ್ಲ.

ಕಾಯ್ದೆಯ ಮಾತು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ ಪ್ರಕಾರ, ವಿಕಲಚೇತನರಿಗೆ ಕೊಡುವ ನೆರವು ಇತರರಿಗಿರುವ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ಸಂಧ್ಯಾ ಸುರಕ್ಷಾದಲ್ಲಿ ಹಿರಿಯರಿಗೆ 1,200. ಅದರ ಮೇಲೆ ಶೇ 25 ಸೇರಿಸಿದರೆ 1,500. ನಮ್ಮ 800 ಮತ್ತು 1,400 ಎರಡೂ ಅದಕ್ಕಿಂತ ಕಡಿಮೆ! 37ನೇ ಕಲಂ ಸರ್ಕಾರಿ ವಸತಿ ಹಂಚಿಕೆಯಲ್ಲಿ ಶೇ 5 ಮೀಸಲಿಡಬೇಕು ಎನ್ನುತ್ತದೆ. ಮನೆಗೆ ಅರ್ಜಿ ಹಾಕುವವರು ಯುಡಿಐಡಿ ಕಾರ್ಡ್ ಜೋಡಿಸಿ ಈ ಮೀಸಲನ್ನು ಬರವಣಿಗೆಯಲ್ಲೇ ಕೇಳಬೇಕು. ಸಿಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು.

ದಾರಿ ಇದೆ, ಹುಡುಕಬೇಕಾಗಿಲ್ಲ

ಪರಿಹಾರ ಸರ್ಕಾರದ ಕೈಯಲ್ಲೇ ಇದೆ. 2023ರಲ್ಲಿ ಗೃಹಲಕ್ಷ್ಮಿ ತಂದಾಗ ಯಾರೂ 32,000ದ ಪ್ರಮಾಣಪತ್ರ ಕೇಳಲಿಲ್ಲ. ಮನೆಯ ಯಜಮಾನಿ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಲ್ಲ ಅಂದರೆ ತಿಂಗಳಿಗೆ 2,000. ಅದೇ ನಿಯಮವನ್ನು ವಿಕಲಚೇತನರ ಮಾಸಾಶನಕ್ಕೂ ತನ್ನಿ. ಅಷ್ಟು ಆಗದಿದ್ದರೆ, ಕನಿಷ್ಠ ಬಿಪಿಎಲ್‌ನ 1.2 ಲಕ್ಷವನ್ನಾದರೂ ಮಿತಿ ಮಾಡಿ, ಆದಾಯದಿಂದ ಬಾಡಿಗೆ ಮತ್ತು ವೈಕಲ್ಯದ ಖರ್ಚು ಕಳೆದು ಲೆಕ್ಕ ಹಾಕಿ. ಹೊಸ ಪಾಲಿಕೆಗಳು ತೆರಿಗೆ ನಿಯಮ ಬರೆಯುವಾಗ ವಿಕಲಚೇತನರ ಮನೆಗೂ, ಅವರಿಗೆ ನೆಲಮಹಡಿ ಬಾಡಿಗೆಗೆ ಕೊಡುವ ಮಾಲೀಕರಿಗೂ ರಿಯಾಯಿತಿ ಕೊಡಲಿ.

ಅಲ್ಲಿಯವರೆಗೆ ಕೌಂಟರ್ ಮುಂದೆ ನಿಂತ ಆ ತಾಯಿಗೆ ಎರಡೇ ಆಯ್ಕೆ: ಸುಳ್ಳು ಹೇಳಿ 1,400 ಪಡೆಯೋದು, ಅಥವಾ ನಿಜ ಹೇಳಿ ಬರಿಗೈಲಿ ಬಾಡಿಗೆ ಮನೆಗೆ ವಾಪಸ್ ಹೋಗೋದು.