ಕೋವಿಯ ಮರ

ಕೋವಿ ಎಂದರೆ ಮೂಲತಃ ಕೊಳವೆ. ಈ ಹಳೆಯ ಮಾತನ್ನು ನಮ್ಮವರು ಬಂದೂಕಿಗೆ ಕೊಟ್ಟರು. ಹೆಸರಿಡುವಾಗ ಅವರ ಕಣ್ಣು ಕಬ್ಬಿಣದ ನಳಿಗೆಯ ಮೇಲಿದ್ದಿರಬೇಕು. ಆ ನಳಿಗೆಯನ್ನು ಹೊತ್ತು, ಅದರ ಒದೆತವನ್ನು ಮೊದಲು ತಾನುಂಡು ಆಮೇಲೆ ಹೆಗಲಿಗೆ ದಾಟಿಸುವ ಮರಕ್ಕೆ ಹೆಸರಿನೊಳಗೆ ಜಾಗ ಸಿಗಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಪಾಠ ಹೇಳುವ ನನಗೆ ಮರಕ್ಕೂ ಲೋಹಕ್ಕೂ ಇರುವ ನಂಟು ತಿಳಿದದ್ದು ನೇಯ್ಗೆಯವರ ಲಾಳಿಯಿಂದ: ಮರದ ಮೈ, ಲೋಹದ ಮೂತಿ. ಕೋವಿಯ ಮರವನ್ನು ಹತ್ತಿರದಿಂದ ಕಂಡದ್ದು ಕೊಡಗಿನಲ್ಲಿ, ಬೇಸಗೆಯ ರಜೆಗೆ ಸಹೋದ್ಯೋಗಿಯೊಬ್ಬರೊಡನೆ ಅವರ ಊರಿಗೆ ಹೋದಾಗ.

ಅಲ್ಲಿ ಕೋವಿ ಬೇಟೆಯ ಸಲಕರಣೆ ಮಾತ್ರವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಕೊಡವರ ಪದ್ಧತಿ. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ದುರಸ್ತಿಯ ಕಸುಬಿಗೆ ಮಾತ್ರ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕೇ ಬೇಕು.

ಮಿತ್ರರ ಮನೆಯ ಕೇಪಿನ ಕೋವಿಯ ಹಿಡಿ, ಮಣಿಕಟ್ಟಿನಂತೆ ಸಣ್ಣದಾಗುವ ಕಡೆಯಲ್ಲಿ ಸೀಳಿತ್ತು. ತಲೆಮಾರುಗಳ ಕೈ ಸವೆಸಿ ನುಣುಪಾಗಿಸಿದ ಮರ. ಅದನ್ನೇ ಅಂಟಿಸಿ ಉಳಿಸಬೇಕೆಂದು ಅವರ ವೃದ್ಧ ತಂದೆಯ ಹಟ. ಪರವಾನಗಿ ಪಡೆದ ಮೇಸ್ತ್ರಿ ಒಪ್ಪಲಿಲ್ಲ. “ಇದು ಒಡೆದರೆ ಕೆನ್ನೆಯ ಪಕ್ಕದಲ್ಲೇ ಒಡೆಯುತ್ತದೆ, ಯಜಮಾನರೇ” ಎಂದರು. ಆಮೇಲೆ ಕೇಳಿದರು: “ಹೊಸದಕ್ಕೆ ಯಾರ ಅಳತೆ ತೆಗೆಯಲಿ?”

ಮಡಿಸಿದ ಮೊಣಕೈಯ ಒಳಮಗ್ಗುಲಿನಿಂದ ಕುದುರೆ ಎಳೆಯುವ ಬೆರಳಿನವರೆಗಿನ ಉದ್ದಕ್ಕೆ ಹಿಡಿ ಸರಿಸುಮಾರು ಹೊಂದಬೇಕಂತೆ. ಮಿತ್ರರು ಮಾತಾಡಲಿಲ್ಲ. “ಅವನದೇ ತೆಗೆಯಿರಿ” ಎಂದವರು ತಂದೆ. ಎರಡು ಗುಂಡಿನ ಲೆಕ್ಕ ಅವರಿಗೆ ತಿಳಿಯದ್ದಲ್ಲ.

ವರ್ಷಗಟ್ಟಲೆ ಒಣಗಿದ ಅಕ್ರೋಟು ಮರದ ತುಂಡನ್ನು ಮೇಸ್ತ್ರಿ ಬೆಳಕಿಗೆ ಹಿಡಿದು ಹೊರಳಿಸಿದರು. ಎಳೆ ಆ ಸಣ್ಣ ನಡುವಿನಲ್ಲಿ ನೇರವಾಗಿ ಹರಿಯಬೇಕು. ಅಡ್ಡ ಹಾಯ್ದರೆ ಎಷ್ಟು ಚೆಲುವಿದ್ದರೂ ಒಂದು ದಿನ ಮುರಿಯುತ್ತದೆ. ಇನ್ನು ಕೂಡಿಸುವ ಕೆಲಸ. ದೀಪದ ಹೊಗೆಗೆ ಕಬ್ಬಿಣವನ್ನು ಹಿಡಿದು ಕಾಡಿಗೆ ಕಟ್ಟಿಸಿ, ಕೊರೆದ ಗುಳಿಯಲ್ಲಿ ಒತ್ತಿ, ಮೇಲೆತ್ತಿ ನೋಡುತ್ತಾರೆ. ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಒಂದು ಎಳೆಯಷ್ಟು ಕೆರೆತ. ಮತ್ತೆ ಕಾಡಿಗೆ, ಮತ್ತೆ ಒತ್ತು. ಒಂದು ಮಧ್ಯಾಹ್ನವೆಲ್ಲ ಇದನ್ನು ನೋಡುತ್ತ ಕುಳಿತೆ. ಕರಡು ತಿದ್ದುವವರಲ್ಲೂ ಇಂಥ ತಾಳ್ಮೆಯನ್ನು ನಾನು ಕಂಡದ್ದು ಕಡಮೆ. ನಳಿಗೆಯ ಹಿಂಬದಿ ಮರಕ್ಕೆ ಸಮನಾಗಿ ಒರಗಬೇಕು, ಒದೆತವೆಲ್ಲ ಅಲ್ಲಿಗೇ ಬೀಳುತ್ತದೆ. ಆದರೆ ಹಿಂದಕ್ಕೆ ಚಾಚಿದ ಕಬ್ಬಿಣದ ನಾಲಗೆಯ ತುದಿಯಲ್ಲಿ ಕೂದಲೆಳೆಯಷ್ಟು ಬಿಡುವಿರಬೇಕು. ಇಲ್ಲವಾದರೆ ಅದೇ ಬೆಣೆಯಾಗಿ ಮರವನ್ನು ಸೀಳುತ್ತದೆ.

ಮೆರುಗಿಗೆ ಮುನ್ನ ಒದ್ದೆ ಬಟ್ಟೆಯಿಂದ ಮರವನ್ನು ಒರೆಸುತ್ತಾರೆ. ಎದ್ದ ನವಿರನ್ನು ಉಜ್ಜಿ ತೆಗೆದು ಅಗಸೆಯೆಣ್ಣೆಯನ್ನು ತೆಳ್ಳಗೆ, ಅಂಗೈ ಬಿಸಿಯಾಗುವಂತೆ ತಿಕ್ಕುತ್ತಾರೆ. ಒಂದು ಲೇಪ ಒಣಗಿದ ಮೇಲೆ ಇನ್ನೊಂದು. ಒಳಗುಳಿಗೂ ಎಣ್ಣೆ ಬೇಕು, ಕೊಡಗಿನ ಮಳೆಗೆ ಮರ ಉಬ್ಬದಿರಲೆಂದು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಆದುದರಿಂದ ಅದನ್ನು ಬೇಲಿಯ ಮೇಲೆ ಹರಡಿದ್ದರು.

ಕೋವಿ ಹಬ್ಬಕ್ಕೆ ಮುಂಚೆ ಮನೆ ಸೇರಿತೆಂದು ಮಿತ್ರರು ಹೇಳಿದರು. ಹಳೆಯ ಹಿಡಿಯ ಹಿತ್ತಾಳೆಯ ಬಿಲ್ಲೆಯನ್ನು ಮೇಸ್ತ್ರಿ ಹೊಸದಕ್ಕೆ ಕೂರಿಸಿದ್ದರಂತೆ. ಸೀಳಿದ ಮರವನ್ನು ತಂದೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ.