ಕಾಲಿನ ಮೇಲೆ ಬರೆದ ಸಾಕ್ಷಿ

ಅಮೆರಿಕದ ಟೆಕ್ಸಾಸ್. ಸ್ವಿಶರ್ ಕೌಂಟಿಯಲ್ಲಿ ಟುಲಿಯಾ ಅಂತ ಐದು ಸಾವಿರ ಜನರ ಪುಟ್ಟ ಊರು. 1999ರ ಜುಲೈ 23, ಬೆಳ್ಳಂಬೆಳಗ್ಗೆ ಪೊಲೀಸರ ದಾಳಿ. ಕೊಕೇನ್ ಮಾರಿದ ಆರೋಪ ಹೊತ್ತವರು 46 ಮಂದಿ, ಬಹುಪಾಲು ಕರಿಯರು.

ಸಿಕ್ಕಿದ್ದೇನು? ಡ್ರಗ್ಸ್ ಇಲ್ಲ, ಬಂದೂಕಿಲ್ಲ, ಕಂತೆ ಹಣವೂ ಇಲ್ಲ. ಇದ್ದದ್ದು ಮಫ್ತಿಯಲ್ಲಿದ್ದ ಟಾಮ್ ಕೋಲ್ಮನ್ ಎಂಬ ಒಬ್ಬನೇ ಪೊಲೀಸನ ಮಾತು. ಆಡಿಯೋ ಇಲ್ಲ, ವಿಡಿಯೋ ಇಲ್ಲ. ಟಿಪ್ಪಣಿ ಬರೆದುಕೊಂಡಿದ್ದು ಎಲ್ಲಿ ಗೊತ್ತಾ? ತನ್ನ ಕಾಲಿನ ಮೇಲೆ!

ಅಷ್ಟು ಸಾಕಾಯ್ತು ನೋಡಿ. ಮೊದಲು ವಿಚಾರಣೆ ಎದುರಿಸಿದ ಒಬ್ಬರಿಗೆ 90 ವರ್ಷ ಜೈಲು. ಅದನ್ನು ಕಂಡು ಉಳಿದವರ ಎದೆ ಧಸಕ್ಕೆಂದಿತು. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಅಂತ ಹಲವರು ಒಪ್ಪಂದಕ್ಕೆ ಸಹಿ ಹಾಕಿದರು. ಕೋರ್ಟ್ ಲೆಕ್ಕದಲ್ಲಿ ಇವರೆಲ್ಲ ‘ಅಪರಾಧಿಗಳು’.

2003ರಲ್ಲಿ ಈ ಪ್ರಕರಣಗಳನ್ನು ಮರುಪರಿಶೀಲಿಸಿದ ನ್ಯಾಯಾಧೀಶರು ಕೋಲ್ಮನ್ ಮಾತು ನಂಬಲರ್ಹವಲ್ಲ ಎಂದರು. ಗವರ್ನರ್ ರಿಕ್ ಪೆರ್ರಿ 35 ಜನರಿಗೆ ಕ್ಷಮಾದಾನ ಕೊಟ್ಟರು. ಅಷ್ಟರಲ್ಲಿ ಕೆಲವರು ಜೈಲಿನಲ್ಲಿ ನಾಲ್ಕು ವರ್ಷ ಕಳೆದಾಗಿತ್ತು.

ಕೋಲ್ಮನ್ ಕಥೆ? 2005ರಲ್ಲಿ ಸುಳ್ಳುಸಾಕ್ಷ್ಯದ ಅಪರಾಧ ಸಾಬೀತಾಯ್ತು, ಅದೂ ತನ್ನ ಮೇಲಿದ್ದ ಪೆಟ್ರೋಲ್ ಕಳವಿನ ಕೇಸಿನ ಬಗ್ಗೆ ಸುಳ್ಳು ಹೇಳಿದ್ದಕ್ಕೆ. ಶಿಕ್ಷೆ: ಜೈಲಲ್ಲ, 10 ವರ್ಷದ ಪ್ರೊಬೇಷನ್.